ಸಿಇಟಿ ಅರ್ಜಿಯಿಂದ ಕಾಲೇಜಿನ ಬಾಗಿಲವರೆಗೆ: ದಾವಣಗೆರೆ, ಚಿತ್ರದುರ್ಗದ ಮಕ್ಕಳಿಗೆ ಇಂಜಿನಿಯರಿಂಗ್ ಸೀಟಿನ ದಾರಿ

ಒಮ್ಮೆ ಜುಲೈನಲ್ಲಿ ಜಗಳೂರು ಕಡೆಯ ರೈತರೊಬ್ಬರು ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ. ಅದರೊಳಗೆ ಹುಡುಗನ ಅಷ್ಟೂ ಕಾಗದಪತ್ರ. "ಸಾರ್, ಇವನಿಗಿಂತ ಹಿಂದಿನ ರ‍್ಯಾಂಕಿನವನಿಗೆ ಸಿಕ್ಕ ಸೀಟು ಇವನಿಗೆ ಸಿಕ್ಕಿಲ್ಲ. ಏನಾಗೇತಿ ನೋಡ್ರಿ" ಎಂದರು. ನೋಡಿದೆ. ಹುಡುಗ ಹಿಂದುಳಿದ ವರ್ಗಗಳ 2ಎ ಪ್ರವರ್ಗದವನು, ಆದರೆ ಅರ್ಜಿ ಹಾಕುವ ಹೊತ್ತಿಗೇ ಜಾತಿ ಆದಾಯ ಪ್ರಮಾಣಪತ್ರದ ಅವಧಿ ಮುಗಿದು ಮೂರು ತಿಂಗಳಾಗಿತ್ತು. ಅರ್ಜಿಯಲ್ಲಿ ಅದರ ನಂಬರ್ ಒಪ್ಪಿಗೆಯಾಗದೆ ಕಂಪ್ಯೂಟರ್ ಅವನನ್ನು ಸಾಮಾನ್ಯ ವರ್ಗಕ್ಕೆ ಸೇರಿಸಿತ್ತು. ಒಂದರಿಂದ ಹತ್ತರವರೆಗೆ ಊರಿನ ಕನ್ನಡ ಶಾಲೆಯಲ್ಲೇ ಓದಿದ್ದರೂ 'ಗ್ರಾಮೀಣ' ಮತ್ತು 'ಕನ್ನಡ ಮಾಧ್ಯಮ' ಎರಡಕ್ಕೂ ಸೈಬರ್ ಸೆಂಟರಿನವನು 'ಇಲ್ಲ' ಎಂದು ಒತ್ತಿದ್ದ. ಮೂರು ಬಾಗಿಲು ತೆರೆದಿದ್ದ ಹುಡುಗನಿಗೆ ಮೂರೂ ಮುಚ್ಚಿಹೋಗಿದ್ದವು. ಹುಡುಗ ದಡ್ಡನಲ್ಲ, ಗಣಿತದಲ್ಲಿ 94 ತೆಗೆದವನು.

ನಾನು ಪಿಯು ಕಾಲೇಜಿನಲ್ಲಿ ಗಣಿತ ಹೇಳುವವನು. ಪ್ರತಿ ಬೇಸಿಗೆ ಇಂಥ ಚೀಲಗಳನ್ನು ಬಿಚ್ಚಿ ನೋಡಿ ನನಗೆ ಖಾತ್ರಿಯಾಗಿದ್ದು ಇಷ್ಟು: ನಮ್ಮ ಕಡೆಯ ಮಕ್ಕಳು ಅಂಕ ಕಡಿಮೆಯಾಗಿ ಸೀಟು ಕಳೆದುಕೊಳ್ಳುವುದಕ್ಕಿಂತ ಎರಡು ಜಾಗದಲ್ಲಿ ಎಡವಿ ಕಳೆದುಕೊಳ್ಳುವುದು ಹೆಚ್ಚು. ಒಂದು, ಅರ್ಜಿಗೂ ಮುಂಚಿನ ಕಾಗದಪತ್ರ. ಇನ್ನೊಂದು, ಫಲಿತಾಂಶ ಬಂದ ಮೇಲಿನ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳನ್ನು ಇಷ್ಟದ ಕ್ರಮದಲ್ಲಿ ತುಂಬುವುದು. ಹಾಗಾಗಿ ಈ ಎರಡನ್ನು ಉದ್ದಕ್ಕೆ ಹೇಳುತ್ತೇನೆ, ಉಳಿದದ್ದನ್ನು ಚುಟುಕಾಗಿ.

ಇರುವ ದಾರಿಗಳು

ಬಹುಪಾಲು ಮಕ್ಕಳಿಗೆ ದಾರಿ ಒಂದೇ: ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ ನಡೆಸುವ ಸಿಇಟಿ. ಸರ್ಕಾರಿ ಕಾಲೇಜುಗಳ ಸೀಟು, ಖಾಸಗಿ ಕಾಲೇಜುಗಳಲ್ಲಿ ಸರ್ಕಾರಿ ಕೋಟಾದ ಸೀಟು ಎಲ್ಲ ಇದರ ಮೂಲಕವೇ. ಖಾಸಗಿ ಕಾಲೇಜಿನಲ್ಲಿ ಸಾಮಾನ್ಯವಾಗಿ ನೂರರಲ್ಲಿ 45 ಸೀಟು ಸರ್ಕಾರಿ ಕೋಟಾ, 30 ಕಾಮೆಡ್‌ಕೆ, 25 ಮ್ಯಾನೇಜ್‌ಮೆಂಟ್. ಅಲ್ಪಸಂಖ್ಯಾತ ಸಂಸ್ಥೆಗಳಲ್ಲಿ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ.

ಕಾಮೆಡ್‌ಕೆ ಎಂದರೆ ಖಾಸಗಿ ಕಾಲೇಜುಗಳ ಒಕ್ಕೂಟ; ಅದರ ಪರೀಕ್ಷೆ ಕಂಪ್ಯೂಟರಿನಲ್ಲಿ ನಡೆಯುತ್ತದೆ. 3 ಗಂಟೆ, 180 ಪ್ರಶ್ನೆ. ಅಲ್ಲಿ ಜಾತಿ ಮೀಸಲಾತಿಯ ಲೆಕ್ಕವಿಲ್ಲ, ಶುಲ್ಕವೂ ಸಿಇಟಿ ಸೀಟಿಗಿಂತ ತುಂಬಾ ಹೆಚ್ಚು. ಮನೆಯಲ್ಲಿ ಅಷ್ಟು ಶಕ್ತಿಯಿದ್ದರೆ ಬರೆಯಲಿ. ಇಲ್ಲದಿದ್ದರೆ ಆ ಅರ್ಜಿ ಶುಲ್ಕವನ್ನೂ ಓಡಾಟವನ್ನೂ ಉಳಿಸಿ. ಸುರತ್ಕಲ್ಲಿನ ಎನ್‌ಐಟಿ, ಧಾರವಾಡದ ಐಐಟಿ ಕಣ್ಣಲ್ಲಿದ್ದರೆ ಜೆಇಇ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಬೇರೆ ಬರೆಯಬೇಕು. ಎನ್‌ಐಟಿಯ ಅರ್ಧ ಸೀಟು ನಮ್ಮ ರಾಜ್ಯದವರಿಗೇ ಮೀಸಲು ಎನ್ನುವುದು ಎಷ್ಟೋ ಪಾಲಕರಿಗೆ ಗೊತ್ತೇ ಇಲ್ಲ.

ಡಿಪ್ಲೊಮಾ ಮುಗಿಸಿದವರಿಗೆ ಡಿಸಿಇಟಿ ಇದೆ, ನೇರ ಎರಡನೇ ವರ್ಷಕ್ಕೆ ಪ್ರವೇಶ. ಎಸ್ಸೆಸ್ಸೆಲ್ಸಿ ಆದ ಮೇಲೆ ದಾವಣಗೆರೆಯ ಡಿಆರ್‌ಆರ್ ಪಾಲಿಟೆಕ್ನಿಕ್ ಸೇರಿ, ಕೈಕೆಲಸ ಕಲಿತು, ಆಮೇಲೆ ಬಿಇ ಸೇರಿದ ಹುಡುಗರು ವರ್ಕ್‌ಶಾಪಿನಲ್ಲಿ ಪಿಯುಸಿಯಿಂದ ಬಂದವರನ್ನು ಹಿಂದೆ ಹಾಕುವುದನ್ನು ಕಂಡಿದ್ದೇನೆ. ಆ ದಾರಿ ಕೀಳಲ್ಲ.

ಅರ್ಹತೆ, ರ‍್ಯಾಂಕಿನ ಲೆಕ್ಕ

ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇರಲೇಬೇಕು. ಐಚ್ಛಿಕ ವಿಷಯಗಳಲ್ಲಿ ಒಟ್ಟು ಶೇ 45 ಅಂಕ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ಪ್ರವರ್ಗಗಳಿಗೆ ಶೇ 40 ಸಾಕು.

ರ‍್ಯಾಂಕಿಗೆ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕ ಅರ್ಧ, ಸಿಇಟಿಯ ಅದೇ ಮೂರು ವಿಷಯದ ಅಂಕ ಇನ್ನರ್ಧ. ಈ 'ಅರ್ಧ ಅರ್ಧ' ಎಂಬ ಮಾತೇ ಮಕ್ಕಳನ್ನು ದಾರಿ ತಪ್ಪಿಸುವುದು. ಲೆಕ್ಕ ಮಾಡಿ ನೋಡೋಣ. ಒಬ್ಬಳು ಪಿಯುಸಿಯಲ್ಲಿ 300ಕ್ಕೆ 285, ಸಿಇಟಿಯಲ್ಲಿ 180ಕ್ಕೆ 60. ಶೇಕಡ 95ರ ಅರ್ಧ 47.5, ಶೇಕಡ 33.33ರ ಅರ್ಧ 16.67; ಒಟ್ಟು 64.17. ಇನ್ನೊಬ್ಬ ಪಿಯುಸಿಯಲ್ಲಿ 240 ಮಾತ್ರ, ಸಿಇಟಿಯಲ್ಲಿ 120. ಅವನ ಮೊತ್ತ 40 ಮತ್ತು 33.33, ಅಂದರೆ 73.33. ಪಿಯುಸಿಯಲ್ಲಿ 45 ಅಂಕ ಹಿಂದಿದ್ದವನು ಎಷ್ಟು ಮುಂದೆ ಹೋದ ನೋಡಿ. ಪಿಯುಸಿಯಲ್ಲಿ ಚೆನ್ನಾಗಿ ಓದುವವರೆಲ್ಲ 85ರಿಂದ 98ರ ನಡುವೆ ಗುಂಪುಗೂಡಿರುತ್ತಾರೆ. ಸಿಇಟಿಯಲ್ಲಿ 40ರಿಂದ 160ರವರೆಗೆ ಚದುರಿಹೋಗುತ್ತಾರೆ. ಆದ್ದರಿಂದ ರ‍್ಯಾಂಕು ನಿಜವಾಗಿ ತೀರ್ಮಾನವಾಗುವುದು ಸಿಇಟಿಯಲ್ಲಿ. ಬೋರ್ಡ್ ಪರೀಕ್ಷೆ ಮುಗಿದ ಮೇಲೆ ಸಿಗುವ ಆ ಕೆಲವು ವಾರಗಳನ್ನು ಅಜ್ಜಿ ಊರಿನಲ್ಲಿ ಕಳೆಯಬೇಡಿ ಎನ್ನುವುದು ಇದಕ್ಕೇ.

ಕಾಗದಪತ್ರ: ದಸರಾ ರಜೆಯಲ್ಲೇ ಶುರು ಮಾಡಿ

ಅರ್ಜಿ ಸಾಮಾನ್ಯವಾಗಿ ಜನವರಿ, ಫೆಬ್ರುವರಿಯಲ್ಲಿ ಬಿಡುತ್ತಾರೆ. ಆಗ ನಾಡಕಚೇರಿಯ ಮುಂದೆ ನಿಂತರೆ ತಡವಾಯಿತು. ಎರಡನೇ ಪಿಯುಸಿಯ ದಸರಾ ರಜೆಯಲ್ಲಿ ಒಂದು ದಿನ ಕೂತು ಎಲ್ಲ ಕಾಗದವನ್ನೂ ಹರವಿಕೊಳ್ಳಿ.

ಮೊದಲು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹೆಸರೇ ಮೂಲ. ಅದನ್ನು ಆಧಾರ್ ಕಾರ್ಡಿನ ಪಕ್ಕ ಇಟ್ಟು ಒಂದೊಂದು ಅಕ್ಷರ ಹೋಲಿಸಿ. ನಮ್ಮ ಕಡೆ ಇನಿಷಿಯಲ್ಲಿನದೇ ದೊಡ್ಡ ತಲೆನೋವು. ಶಾಲೆಯಲ್ಲಿ ಊರಿನ ಹೆಸರೂ ಅಪ್ಪನ ಹೆಸರೂ ಸೇರಿ ಎರಡು ಇನಿಷಿಯಲ್ ಹಿಂದೆ, ಆಧಾರಿನಲ್ಲಿ ಒಂದೇ ಇನಿಷಿಯಲ್ ಮುಂದೆ, ಜಾತಿ ಪ್ರಮಾಣಪತ್ರದಲ್ಲಿ ಇನಿಷಿಯಲ್ಲೇ ಇಲ್ಲ. ಅಪ್ಪನ ಹೆಸರು ಒಂದರಲ್ಲಿ ತಿಪ್ಪೇಸ್ವಾಮಿ, ಇನ್ನೊಂದರಲ್ಲಿ ತಿಪ್ಪೇಸ್ವಾಮಿ ಜಿ., ಮತ್ತೊಂದರಲ್ಲಿ ಜಿ. ತಿಪ್ಪಣ್ಣ. ಮನುಷ್ಯರಿಗೆ ಇದು ಒಬ್ಬನೇ ಎಂದು ಗೊತ್ತಾಗುತ್ತದೆ, ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಆಧಾರ್ ತಿದ್ದುಪಡಿ ಈಗಲೇ ಮಾಡಿಸಿ.

ಎರಡನೆಯದು ಜಾತಿ ಮತ್ತು ಆದಾಯ. ಪರಿಶಿಷ್ಟ ಜಾತಿ, ಪಂಗಡದವರಿಗೆ ನಮೂನೆ ಡಿ, ಪ್ರವರ್ಗ 1ಕ್ಕೆ ನಮೂನೆ ಇ, 2ಎ, 2ಬಿ, 3ಎ, 3ಬಿಗೆ ನಮೂನೆ ಎಫ್. ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ತಹಶೀಲ್ದಾರರ ಸಹಿಯೊಂದಿಗೆ ಬರುತ್ತದೆ. ಗ್ರಾಮ ಒನ್ ಕೇಂದ್ರದಿಂದಲೂ ಹಾಕಬಹುದು. ಪ್ರಮಾಣಪತ್ರದ ಮೇಲೆ 'ಆರ್‌ಡಿ' ಎಂದು ಶುರುವಾಗುವ ಉದ್ದನೆಯ ನಂಬರ್ ಇರುತ್ತದೆ. ಈಗ ಕೆಇಎ ನೋಡುವುದು ಆ ನಂಬರನ್ನೇ, ಕಾಗದವನ್ನಲ್ಲ. ಅದನ್ನು ಹಾಕಿದರೆ ಕಂದಾಯ ಇಲಾಖೆಯ ದಾಖಲೆಯಿಂದ ಹೆಸರು ತಾನಾಗಿ ಬರುತ್ತದೆ. ಬಂದ ಹೆಸರು ಅಪ್ಪನದೋ ಮಗನದೋ ನೋಡಿ: ಎಷ್ಟೋ ಸಲ ಮನೆಯವರು ಅಪ್ಪನ ಹೆಸರಿನ ಪ್ರಮಾಣಪತ್ರವನ್ನೇ ಮಗನಿಗೆ ಹಾಕಿರುತ್ತಾರೆ. ವಿದ್ಯಾರ್ಥಿಯ ಹೆಸರಿನಲ್ಲೇ ಇರಬೇಕು. ಆದಾಯದ ಪ್ರಮಾಣಪತ್ರಕ್ಕೆ 5 ವರ್ಷದ ಆಯುಸ್ಸು. ಎಂಟನೇ ಕ್ಲಾಸಿನಲ್ಲಿ ವಿದ್ಯಾರ್ಥಿವೇತನಕ್ಕೆಂದು ಮಾಡಿಸಿದ್ದು ಪಿಯುಸಿ ಮುಗಿಯುವ ಹೊತ್ತಿಗೆ ಕೊನೆಯುಸಿರಿನಲ್ಲಿರುತ್ತದೆ. ಜಗಳೂರಿನ ಹುಡುಗನಿಗೆ ಆದದ್ದು ಇದೇ.

ಮೂರನೆಯದು ವ್ಯಾಸಂಗ. ಕರ್ನಾಟಕದ ಸೀಟಿಗೆ ಬಹುತೇಕರು ಅರ್ಹರಾಗುವುದು 'ಎ' ಕಲಮಿನಲ್ಲಿ: ಒಂದರಿಂದ ಹನ್ನೆರಡರವರೆಗಿನ ಓದಿನಲ್ಲಿ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿಯನ್ನು ಇಲ್ಲೇ ಪಾಸಾಗಿರಬೇಕು. ದಾವಣಗೆರೆಯವರಿಗೆ ಇದು ಪ್ರಶ್ನೆಯೇ ಅಲ್ಲ. ಆದರೆ ಮೊಳಕಾಲ್ಮುರು, ಚಳ್ಳಕೆರೆಯ ಗಡಿ ಹಳ್ಳಿಯವರು ಗಮನಿಸಿ. ರಾಯದುರ್ಗ ಹತ್ತಿರ ಎಂದು ಕೆಲವು ವರ್ಷ ಆಂಧ್ರದ ಶಾಲೆಗೆ ಹೋಗಿ ಬಂದ ಮಕ್ಕಳಿದ್ದಾರೆ. ವರ್ಷ ಎಣಿಸಿ ನೋಡಿ. ಕೊರತೆ ಬಿದ್ದರೆ ಬೇರೆ ಕಲಮುಗಳಿವೆ. ಮಾಹಿತಿ ಪುಸ್ತಿಕೆಯಲ್ಲಿ ನಿಮಗೆ ಹೊಂದುವುದನ್ನು ಹುಡುಕಿ. ಈಗ ಶಾಲೆಯ ದಾಖಲೆಯನ್ನು ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಸ್ಯಾಟ್ಸ್ ನಂಬರಿನ ಮೂಲಕವೂ ನೋಡುವುದರಿಂದ ಆ ನಂಬರನ್ನು ಹೈಸ್ಕೂಲಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.

ನಾಲ್ಕನೆಯದು ಗ್ರಾಮೀಣ ಮತ್ತು ಕನ್ನಡ ಮಾಧ್ಯಮ. ನಮ್ಮ ಎರಡು ಜಿಲ್ಲೆಯ ಮಕ್ಕಳಿಗೆ ಇದಕ್ಕಿಂತ ದೊಡ್ಡ ಆಸ್ತಿ ಇಲ್ಲ. ಒಂದರಿಂದ ಹತ್ತರವರೆಗೆ ಪೂರ್ತಿ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಶೇ 15, ಪೂರ್ತಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಸೀಟು ಪ್ರತಿ ಪ್ರವರ್ಗದ ಒಳಗೇ ಮೀಸಲು. ಎರಡಕ್ಕೂ ಶಾಲೆಯ ಮುಖ್ಯೋಪಾಧ್ಯಾಯರಿಂದ ನಿಗದಿತ ನಮೂನೆಯಲ್ಲಿ ಬರೆಸಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಹಾಕಿಸಬೇಕು. ಎರಡು ಶಾಲೆಯಲ್ಲಿ ಓದಿದ್ದರೆ ಎರಡೂ ಕಡೆಯಿಂದ ಬೇಕು. ಶಾಲೆಗೆ ಬೇಸಿಗೆ ರಜೆ ಬಿಟ್ಟ ಮೇಲೆ ಮೇಷ್ಟ್ರನ್ನು ಹುಡುಕಿಕೊಂಡು ಅವರೂರಿಗೆ ಬೈಕ್ ಓಡಿಸಿದ ಪಾಲಕರು ನನಗೆ ಗೊತ್ತು.

ಇಲ್ಲೊಂದು ಸೂಕ್ಷ್ಮವಿದೆ. ಪಟ್ಟಣ ಪಂಚಾಯಿತಿಯ ವ್ಯಾಪ್ತಿ ಗ್ರಾಮೀಣ ಅಲ್ಲ. ನಾಯಕನಹಟ್ಟಿ ನೋಡಲು ಹಳ್ಳಿಯಂತೆಯೇ ಇದ್ದರೂ ಲೆಕ್ಕಕ್ಕೆ ಪಟ್ಟಣ. ಐದನೇ ಕ್ಲಾಸಿನವರೆಗೆ ಹಳ್ಳಿಯಲ್ಲಿ ಓದಿ, ಆರಕ್ಕೆ ತಾಲ್ಲೂಕು ಕೇಂದ್ರದ ಹಾಸ್ಟೆಲಿಗೆ ಬಂದವರಿಗೂ ಈ ಮೀಸಲು ಸಿಗುವುದಿಲ್ಲ. ಹತ್ತೂ ವರ್ಷ ಬೇಕು. ನನ್ನ ಮನಸ್ಸಿಗೆ ಇದು ಅನ್ಯಾಯವೇ. ಒಳ್ಳೆಯ ಶಾಲೆ ಸಿಗಲೆಂದು ಒಂದು ವರ್ಷ ಪೇಟೆಗೆ ಬಂದ ಹಳ್ಳಿ ಹುಡುಗಿ ಅಷ್ಟರಿಂದಲೇ ಪೇಟೆಯವಳಾಗುವುದಿಲ್ಲ. ಆದರೆ ನಿಯಮ ಹಾಗಿದೆ. ಸುಳ್ಳು ಪ್ರಮಾಣಪತ್ರ ಮಾಡಿಸಿಕೊಡುತ್ತೇನೆ ಎನ್ನುವವರ ಹತ್ತಿರ ಸುಳಿಯಬೇಡಿ. ಸೀಟು ಹೋಗುವುದಲ್ಲದೆ ಮೊಕದ್ದಮೆಯೂ ಬೀಳುತ್ತದೆ.

ಸಾಮಾನ್ಯ ವರ್ಗದವರು ಗ್ರಾಮೀಣ ಕೋಟಾ ಕೇಳುವುದಾದರೆ ಕೆನೆಪದರಕ್ಕೆ (ಮೀಸಲಾತಿ ಸಿಗದ ಅನುಕೂಲಸ್ಥರ ಗುಂಪಿಗೆ) ಸೇರಿಲ್ಲ ಎಂಬ ತಹಶೀಲ್ದಾರರ ಪ್ರಮಾಣಪತ್ರವನ್ನೂ ಜೊತೆಗಿಡಬೇಕು. ಹರಪನಹಳ್ಳಿ ತಾಲ್ಲೂಕು 2018ರಲ್ಲಿ ದಾವಣಗೆರೆ ಬಿಟ್ಟು ಬಳ್ಳಾರಿಗೆ ಸೇರಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಅಲ್ಲಿಂದ ದಾವಣಗೆರೆಗೆ ಓದಲು ಬರುವ ಮಕ್ಕಳು ಕಲ್ಯಾಣ ಕರ್ನಾಟಕದವರಿಗೆ ಮೀಸಲು ಕೊಡುವ ಸಂವಿಧಾನದ 371ಜೆ ಕಲಮಿನ ಅರ್ಹತೆಯನ್ನು ವಿಚಾರಿಸದೆ ಅರ್ಜಿ ತುಂಬಬಾರದು.

ಅರ್ಜಿ ತುಂಬುವಾಗ

ಸೈಬರ್ ಸೆಂಟರಿನಲ್ಲಿ ತುಂಬಿಸುವುದು ತಪ್ಪಲ್ಲ, ಅಲ್ಲಿನ ಹುಡುಗನ ಕೈಗೆ ಕಾಗದ ಕೊಟ್ಟು ಟೀ ಕುಡಿಯಲು ಹೋಗುವುದು ತಪ್ಪು. ಅವನು ದಿನಕ್ಕೆ ನಲವತ್ತು ಅರ್ಜಿ ತುಂಬುತ್ತಾನೆ. ನಿಮ್ಮ ಮಗ ಎಲ್ಲಿ ಓದಿದ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಪಕ್ಕದಲ್ಲೇ ಕುಳಿತು ಪರದೆಯ ಮೇಲಿನ ಒಂದೊಂದು ಪ್ರಶ್ನೆಯನ್ನೂ ಓದಿಸಿ.

ಮೊಬೈಲ್ ನಂಬರ್ ನಿಮ್ಮದೇ ಇರಲಿ. ಒಟಿಪಿ ಅದಕ್ಕೇ ಬರುತ್ತದೆ, ಕೊನೆಯ ಸುತ್ತಿನವರೆಗೂ ಬರುತ್ತಲೇ ಇರುತ್ತದೆ. ಸೆಂಟರಿನವನ ನಂಬರ್ ಹಾಕಿಸಿ, ಜುಲೈನಲ್ಲಿ ಅವನು ಫೋನ್ ಎತ್ತದೆ ಪರದಾಡಿದವರಿದ್ದಾರೆ. ಯೂಸರ್ ಐಡಿ, ಪಾಸ್‌ವರ್ಡ್ ಇನ್ನೊಬ್ಬರಿಗೆ ಕೊಡಬೇಡಿ. 'ಸೀಟು ಕೊಡಿಸುತ್ತೇವೆ' ಎಂದು ಬರುವ ಮಧ್ಯವರ್ತಿಗಳಿಗಂತೂ ಬೇಡವೇ ಬೇಡ. 2024ರಲ್ಲಿ ಇಂಜಿನಿಯರಿಂಗ್ ಸೀಟು ಬ್ಲಾಕಿಂಗ್, ಅಂದರೆ ಸೇರದವರ ಹೆಸರಿನಲ್ಲಿ ಸೀಟು ಹಿಡಿದಿಡುವ ಪ್ರಕರಣ ಬಯಲಾಗಿ, ಕೆಇಎ ದೂರು ಕೊಟ್ಟು, ಬೆಂಗಳೂರಿನಲ್ಲಿ ಬಂಧನಗಳೇ ಆದವು. ಅಲ್ಲಿ ದುರ್ಬಳಕೆಯಾಗಿದ್ದು ವಿದ್ಯಾರ್ಥಿಗಳ ಲಾಗಿನ್.

ಫೋಟೊ, ಸಹಿ, ಹೆಬ್ಬೆಟ್ಟು ಸ್ಪಷ್ಟವಾಗಿರಲಿ. ಶುಲ್ಕ ಕಟ್ಟಿದ ಮೇಲೆ ಅರ್ಜಿಯ ಅಂತಿಮ ಪ್ರತಿ ಬಂತೇ ನೋಡಿ. ಶುಲ್ಕ ಕಟ್ಟದ ಅರ್ಜಿ ಅರ್ಜಿಯೇ ಅಲ್ಲ. ಪ್ರತಿಯನ್ನು ಪಿಡಿಎಫ್ ಮಾಡಿ ಅಪ್ಪನ, ಅಮ್ಮನ, ಅಣ್ಣನ ಮೂರೂ ಮೊಬೈಲಿಗೆ ಕಳಿಸಿ. ತಿದ್ದುಪಡಿಗೆ ನಂತರ ಕೆಲವು ದಿನ ಅವಕಾಶ ಕೊಡುತ್ತಾರೆ. ಆ ದಿನಗಳಲ್ಲಿ ಮತ್ತೊಮ್ಮೆ ತೆರೆದು, ಮೊದಲ ಸಲ ತುಂಬಿದವರಲ್ಲದೆ ಬೇರೆ ಯಾರಾದರೂ ಓದಲಿ. ತಪ್ಪು ಮಾಡಿದವರ ಕಣ್ಣಿಗೆ ಆ ತಪ್ಪು ಬೀಳುವುದಿಲ್ಲ.

ಪರೀಕ್ಷೆ

ಏಪ್ರಿಲ್‌ನಲ್ಲಿ ಎರಡು ದಿನ. ಪ್ರತಿ ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ಒಂದು ಪ್ರಶ್ನೆಗೆ 80 ಸೆಕೆಂಡು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದೂ ಖಾಲಿ ಬಿಡಬೇಡಿ. ಓಎಂಆರ್ ಹಾಳೆಯಲ್ಲಿ ನೋಂದಣಿ ಸಂಖ್ಯೆ ಮತ್ತು ಪ್ರಶ್ನೆಪತ್ರಿಕೆಯ ವರ್ಷನ್ ಕೋಡ್ ಸರಿಯಾಗಿ ತುಂಬಿ. ಕೈಗಡಿಯಾರ ಒಳಗೆ ಬಿಡುವುದಿಲ್ಲ, ಹಾಗಾಗಿ ಮನೆಯಲ್ಲಿ ಅಭ್ಯಾಸ ಮಾಡುವಾಗಲೂ ಗಡಿಯಾರ ನೋಡದೆ ಸಮಯ ಅಂದಾಜು ಮಾಡುವುದನ್ನು ಕಲಿಯಿರಿ. 2024ರಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆ ಬಂದು ಗಲಾಟೆಯಾಗಿ 50 ಪ್ರಶ್ನೆಗಳನ್ನು ಕೈಬಿಡಬೇಕಾಯಿತು. ಅಂಥದ್ದು ಎದುರಾದರೆ ಗಾಬರಿಬಿದ್ದು ಕೂರಬೇಡಿ, ಮುಂದಿನದಕ್ಕೆ ಹೋಗಿ. ದೂರದ ಹಳ್ಳಿಯವರು ಹಿಂದಿನ ಸಂಜೆಯೇ ಪರೀಕ್ಷೆ ನಡೆಯುವ ಊರಿಗೆ ಬಂದು ನೆಂಟರ ಮನೆಯಲ್ಲಿ ಉಳಿಯಲಿ, ಬೆಳಗಿನ ಮೊದಲ ಬಸ್ಸನ್ನು ನಂಬಬೇಡಿ.

ಫಲಿತಾಂಶಕ್ಕೆ ಮೊದಲೇ ಕಾಲೇಜು ನೋಡಿ

ಮೇ ತಿಂಗಳು ಸುಮ್ಮನೆ ಹೋಗುತ್ತದೆ. ಆಗ ಕಾಲೇಜುಗಳಿಗೆ ಒಂದು ಸುತ್ತು ಹಾಕಿ.

ದಾವಣಗೆರೆಯ ಯುಬಿಡಿಟಿ 1951ರಲ್ಲಿ ಶುರುವಾದ ಕಾಲೇಜು, ಈಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಘಟಕ ಕಾಲೇಜು. ಬಾಪೂಜಿ ಇಂಜಿನಿಯರಿಂಗ್ ಕಾಲೇಜು, ಅಂದರೆ ಬಿಐಇಟಿ, 1979ರದ್ದು. ಜಿಎಂ ಸಂಸ್ಥೆ ಮತ್ತು ಜೈನ್ ತಾಂತ್ರಿಕ ಕಾಲೇಜು ಈಚಿನವು. ಜಿಎಂ ಹೆಸರಿನಲ್ಲಿ ಈಗ ಖಾಸಗಿ ವಿಶ್ವವಿದ್ಯಾಲಯವೂ ಇರುವುದರಿಂದ ನೀವು ಆರಿಸುವ ಸೀಟು ಯಾವುದರ ಅಡಿಯಲ್ಲಿದೆ, ಪದವಿ ಯಾರ ಹೆಸರಿನಲ್ಲಿ ಬರುತ್ತದೆ ಎಂದು ಕೇಳಿಕೊಳ್ಳಿ. ಚಿತ್ರದುರ್ಗದಲ್ಲಿ ಎಸ್‌ಜೆಎಂ ತಾಂತ್ರಿಕ ಕಾಲೇಜು, ಚಳ್ಳಕೆರೆಯಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಇವೆ. ಚಳ್ಳಕೆರೆ ಎಂದರೆ ಮೂಗು ಮುರಿಯುವವರಿಗೆ ಒಂದು ಮಾತು: ಅದೇ ತಾಲ್ಲೂಕಿನ ಕುದಾಪುರದ ಬಯಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ಸಿದೆ, ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರವಿದೆ.

ಯುಬಿಡಿಟಿ ವಿಷಯದಲ್ಲಿ ಒಂದು ಎಚ್ಚರಿಕೆ. 'ಸರ್ಕಾರಿ ಕಾಲೇಜು, ಫೀಸು ಕಡಿಮೆ' ಎಂದು ಊರೆಲ್ಲ ಹೇಳುತ್ತದೆ. ಆದರೆ ಅಲ್ಲಿ ಅರ್ಧದಷ್ಟು ಸೀಟನ್ನು ಹೆಚ್ಚು ಶುಲ್ಕದ ಪೇಮೆಂಟ್ ಸೀಟು ಮಾಡಿದ್ದರ ವಿರುದ್ಧ 2024ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದು ಹೋರಾಡಿದರು. ಆಪ್ಷನ್ ಪಟ್ಟಿಯಲ್ಲಿ ಒಂದೇ ಕಾಲೇಜು, ಒಂದೇ ಬ್ರಾಂಚು ಎರಡು ಶುಲ್ಕದೊಂದಿಗೆ ಎರಡು ಸಾಲಾಗಿ ಕಂಡರೆ ಶುಲ್ಕದ ಅಂಕಿ ನೋಡಿಯೇ ಆರಿಸಿ.

ಕಾಲೇಜಿಗೆ ಹೋದಾಗ ಪ್ರಾಂಶುಪಾಲರ ಕೊಠಡಿಗಿಂತ ಕ್ಯಾಂಟೀನಿನಲ್ಲಿ ಹೆಚ್ಚು ಗೊತ್ತಾಗುತ್ತದೆ. ಮೂರನೇ ವರ್ಷದ ಹುಡುಗರನ್ನು ಹಿಡಿದು ಕೇಳಿ: ಲ್ಯಾಬಿನಲ್ಲಿ ಒಂದು ಯಂತ್ರಕ್ಕೆ ಎಷ್ಟು ಜನ ನಿಲ್ಲುತ್ತೀರಿ? ನಿಮ್ಮ ಬ್ರಾಂಚಿಗೆ ಕಾಯಂ ಅಧ್ಯಾಪಕರು ಎಷ್ಟು? ಕಳೆದ ವರ್ಷ ಕೆಲಸ ಸಿಕ್ಕಿದ್ದು ನಿಮ್ಮ ಬ್ರಾಂಚಿನ ಎಷ್ಟು ಮಂದಿಗೆ, ಯಾವ ಕಂಪನಿಯಲ್ಲಿ, ಸಂಬಳವೆಷ್ಟು? 'ಪ್ಲೇಸ್‌ಮೆಂಟ್ ನೂರಕ್ಕೆ ನೂರು' ಎಂಬ ಫ್ಲೆಕ್ಸಿಗೆ ಈ ಮೂರನೇ ಪ್ರಶ್ನೆಯೇ ಮದ್ದು. ಸುತ್ತಾಟ ಮುಗಿದ ಮೇಲೆ ಬೆಣ್ಣೆ ದೋಸೆ ತಿಂದು ಬನ್ನಿ, ಅದಕ್ಕೆ ಕಟಾಫ್ ಇಲ್ಲ.

ಬೆಂಗಳೂರೋ ಊರೋ ಎಂಬ ಪ್ರಶ್ನೆಗೆ ನನ್ನ ಅಭಿಪ್ರಾಯ ಇದು. ಬೆಂಗಳೂರಿನ ಹೆಸರಾಂತ ಹತ್ತು ಹನ್ನೆರಡು ಕಾಲೇಜುಗಳಲ್ಲಿ ಬೇಕಾದ ಬ್ರಾಂಚು ಸಿಕ್ಕರೆ ಕಣ್ಣುಮುಚ್ಚಿ ಹೋಗಿ. ಆದರೆ ಹೊರವಲಯದಲ್ಲಿ, ನಾಲ್ಕು ವರ್ಷದ ಹಿಂದೆ ಎದ್ದ ಕಟ್ಟಡದಲ್ಲಿ ಕಂಪ್ಯೂಟರ್ ಸೈನ್ಸ್ ಎಂಬ ಹೆಸರಿಗಾಗಿ ಪಿಜಿ ವಸತಿಗೆ ತಿಂಗಳು ತಿಂಗಳು ದುಡ್ಡು ಸುರಿಯುವುದಕ್ಕಿಂತ, ಮನೆಯ ರೊಟ್ಟಿ ತಿಂದುಕೊಂಡು ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಓದುವುದು ಮೇಲು. ನನ್ನ ಹೆಂಡತಿ ಇದನ್ನು ಒಪ್ಪುವುದಿಲ್ಲ. ಊರು ಬಿಟ್ಟರೇ ಮಕ್ಕಳು ಬಲಿಯುವುದು ಎನ್ನುತ್ತಾಳೆ. ಅದರಲ್ಲೂ ನಿಜವಿದೆ.

ಆಪ್ಷನ್ ಎಂಟ್ರಿ: ಇಲ್ಲಿ ನಿಧಾನಿಸಿ

ಫಲಿತಾಂಶ ಬಂದು, ದಾಖಲೆ ಪರಿಶೀಲನೆ ಮುಗಿದು, ವೆರಿಫಿಕೇಷನ್ ಸ್ಲಿಪ್ ಕೈಗೆ ಬಂದ ಮೇಲೆ ಆಪ್ಷನ್ ಎಂಟ್ರಿ ತೆರೆಯುತ್ತದೆ. ಸ್ಲಿಪ್ಪಿನಲ್ಲಿ ಪ್ರವರ್ಗ, ಗ್ರಾಮೀಣ, ಕನ್ನಡ ಮಾಧ್ಯಮ ಮೂರೂ ಸರಿಯಾಗಿ ಬಂದಿವೆಯೇ ಎಂದು ಅವತ್ತೇ ನೋಡಿ. ತಪ್ಪಿದ್ದರೆ ದೂರು ಕೊಡಲು ಇದೇ ಕೊನೆಯ ಹೊತ್ತು.

ಹಂಚಿಕೆ ನಡೆಯುವ ಬಗೆ ತಿಳಿದರೆ ಅರ್ಧ ಭಯ ಹೋಗುತ್ತದೆ. ಕಂಪ್ಯೂಟರ್ ಒಂದನೇ ರ‍್ಯಾಂಕಿನಿಂದ ಶುರುಮಾಡಿ ಒಬ್ಬೊಬ್ಬರನ್ನೇ ತೆಗೆದುಕೊಳ್ಳುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಮೊದಲ ಆಪ್ಷನ್ ನೋಡುತ್ತದೆ: ಅಲ್ಲಿ ಸಾಮಾನ್ಯ ಸೀಟು ಉಳಿದಿದೆಯೇ, ಇಲ್ಲದಿದ್ದರೆ ನಿಮಗೆ ಹಕ್ಕಿರುವ ಮೀಸಲು ಸೀಟು ಉಳಿದಿದೆಯೇ? ಇದ್ದರೆ ಕೊಟ್ಟು ಮುಂದಿನವರಿಗೆ ಹೋಗುತ್ತದೆ. ಇಲ್ಲದಿದ್ದರೆ ಎರಡನೆಯದು, ಮೂರನೆಯದು, ಹೀಗೆ ಕೆಳಗಿಳಿಯುತ್ತದೆ. ಅಂದರೆ ಸಿಗಲಾರದ ಕಾಲೇಜನ್ನು ಮೇಲೆ ಬರೆದರೆ ಕೆಳಗಿನದಕ್ಕೆ ಕಿಂಚಿತ್ತೂ ನಷ್ಟವಿಲ್ಲ. ನಷ್ಟವಾಗುವುದು ತಿರುಗಾಮುರುಗಾ ಬರೆದಾಗ. 'ಇದು ಖಂಡಿತ ಸಿಗುತ್ತೆ' ಎಂದು ಮೂರನೇ ಇಷ್ಟದ್ದನ್ನು ಮೊದಲು ಬರೆದರೆ ಅದೇ ಸಿಗುತ್ತದೆ. ಅದಕ್ಕಿಂತ ಒಳ್ಳೆಯದು ಸಿಗುವ ಹಾಗಿತ್ತೇ ಎಂದು ಕಂಪ್ಯೂಟರ್ ತಿರುಗಿ ನೋಡುವುದಿಲ್ಲ, ಏಕೆಂದರೆ ಅದಕ್ಕೆ ಗೊತ್ತಿರುವುದು ನೀವು ಬರೆದ ಕ್ರಮ ಮಾತ್ರ.

ಪಟ್ಟಿ ಮಾಡುವುದು ಹೀಗೆ. ಪರದೆಯ ಮುಂದೆ ಕೂರುವ ಮೊದಲು ಒಂದು ನೋಟ್‌ಬುಕ್ಕು ತೆಗೆಯಿರಿ. ಕೆಇಎ ಪ್ರತಿ ವರ್ಷದ ಕಟಾಫ್ ಪಟ್ಟಿ ಪ್ರಕಟಿಸುತ್ತದೆ. ಹಿಂದಿನ ಎರಡು ವರ್ಷದ್ದನ್ನು ಇಳಿಸಿಕೊಳ್ಳಿ. ಅದರಲ್ಲಿ ಜಿಎಂ ಎಂದರೆ ಸಾಮಾನ್ಯ, ಜಿಎಂಆರ್ ಎಂದರೆ ಸಾಮಾನ್ಯ ಗ್ರಾಮೀಣ, ಜಿಎಂಕೆ ಕನ್ನಡ ಮಾಧ್ಯಮ. ಹಾಗೆಯೇ 2ಎಜಿ, 2ಎಆರ್, 2ಎಕೆ. ನಿಮಗೆ ಹೊಂದುವ ಕಾಲಮಿನಲ್ಲೇ ನೋಡಿ. ಗ್ರಾಮೀಣ ಹುಡುಗಿಯೊಬ್ಬಳು ಜಿಎಂ ಕಾಲಮನ್ನು ನೋಡಿ 'ನನಗೆಲ್ಲಿ ಸಿಗುತ್ತೆ ಸಾರ್' ಎಂದು ಅಳುತ್ತಾ ಬಂದಿದ್ದಳು. ಅವಳ ಕಾಲಮು ತೋರಿಸಿದ ಮೇಲೆ ಕಣ್ಣೊರೆಸಿಕೊಂಡಳು.

ಕಟಾಫ್ ಎಂದರೆ ಆ ಸುತ್ತಿನಲ್ಲಿ ಸೀಟು ಪಡೆದ ಕೊನೆಯವರ ರ‍್ಯಾಂಕು, ಅಷ್ಟೆ. ಮುಂದಿನ ವರ್ಷ ಅದು ಮೇಲೂ ಹೋಗಬಹುದು, ಕೆಳಗೂ ಬರಬಹುದು. 2024-25ರಿಂದ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇ ಒಂದು ಬ್ರಾಂಚಿಗಿದ್ದ ಸೀಟಿನ ಗರಿಷ್ಠ ಮಿತಿಯನ್ನೇ ತೆಗೆದುಹಾಕಿದ್ದರಿಂದ ದೊಡ್ಡ ಕಾಲೇಜುಗಳು ಕಂಪ್ಯೂಟರ್ ಸೀಟುಗಳನ್ನು ಏರಿಸಿವೆ. ಹಾಗಾಗಿ ತುಂಬಾ ಹಳೆಯ ಪಟ್ಟಿ ನೋಡಿ ನಿರ್ಧಾರಕ್ಕೆ ಬರಬೇಡಿ.

ನೋಟ್‌ಬುಕ್ಕಿನಲ್ಲಿ ಮೂರು ಭಾಗ ಮಾಡಿ. ಮೇಲೆ ನಿಮ್ಮ ರ‍್ಯಾಂಕಿಗೆ ಸ್ವಲ್ಪ ದೂರದ, ಆದರೆ ನಿಜವಾಗಿ ಬೇಕಾದವು. ನಡುವೆ ರ‍್ಯಾಂಕಿನ ಆಸುಪಾಸಿನವು. ಕೆಳಗೆ ಖಂಡಿತ ಸಿಗುವಂಥವು. ಕೆಳಗಿನ ಭಾಗವನ್ನು ಬಿಡಬೇಡಿ. ಹತ್ತೇ ಆಪ್ಷನ್ ಹಾಕಿ ಒಂದೂ ಸಿಗದೆ ಕೂತವರಿದ್ದಾರೆ. ಆದರೆ ಸಿಕ್ಕರೂ ಸೇರಲು ಮನಸ್ಸಿಲ್ಲದ ಕಾಲೇಜನ್ನು ಎಲ್ಲೂ ಹಾಕಬೇಡಿ. ಪ್ರತಿ ಸಾಲಿನ ಮುಂದೆ ಶುಲ್ಕ ಬರೆಯಿರಿ, ಅಪ್ಪ ಅಮ್ಮನಿಗೆ ತೋರಿಸಿ. ಆಮೇಲೆ ಎರಡೆರಡು ಸಾಲನ್ನು ಜೋಡಿ ಮಾಡಿ ಕೇಳಿಕೊಳ್ಳಿ: ಎರಡೂ ಕೈಯಲ್ಲಿದ್ದರೆ ಯಾವುದಕ್ಕೆ ಹೋಗುತ್ತೇನೆ? ಉತ್ತರಕ್ಕೆ ತಕ್ಕಂತೆ ಮೇಲೆ ಕೆಳಗೆ ಮಾಡಿ. ಈ ಕೆಲಸಕ್ಕೆ ಎರಡು ದಿನ ಬೇಕು. ಕಂಪ್ಯೂಟರಿನಲ್ಲಿ ತುಂಬಲು ಅರ್ಧ ಗಂಟೆ ಸಾಕು, ಆದರೆ ಕೊನೆಯ ದಿನ ಸರ್ವರ್ ಕೈಕೊಡುತ್ತದೆ.

ಮೊದಲು ಬರುವುದು ಅಣಕು ಹಂಚಿಕೆ. ಅದು ಸೀಟಲ್ಲ, ಅಂದಾಜು. ಅದರಲ್ಲಿ ಒಳ್ಳೆಯದು ಬಂತೆಂದು ಸಿಹಿ ಹಂಚಬೇಡಿ, ಬರಲಿಲ್ಲವೆಂದು ಊಟ ಬಿಡಬೇಡಿ. ಅದನ್ನು ನೋಡಿ ಆಪ್ಷನ್ ಸೇರಿಸಬಹುದು, ಕ್ರಮ ಬದಲಿಸಬಹುದು. ಇಲ್ಲೇ ಕೆಲವರು ಹೆದರಿ ಮೇಲಿನ ಆಸೆಗಳನ್ನು ಅಳಿಸಿಹಾಕುತ್ತಾರೆ. ಅಳಿಸಬೇಡಿ, ಕೆಳಗೆ ಇನ್ನಷ್ಟು ಸೇರಿಸಿ.

ಸೀಟು ಬಂದ ಮೇಲೆ ನಾಲ್ಕು ಛಾಯ್ಸ್

ಛಾಯ್ಸ್ 1: ಈ ಸೀಟು ಸಾಕು, ಸೇರುತ್ತೇನೆ. ಛಾಯ್ಸ್ 2: ಇದು ಕೈಯಲ್ಲಿರಲಿ, ಮೇಲಿನದು ಸಿಕ್ಕರೆ ಅದಕ್ಕೆ ಹೋಗುತ್ತೇನೆ. ಛಾಯ್ಸ್ 3: ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ಛಾಯ್ಸ್ 4: ಪ್ರಕ್ರಿಯೆಯಿಂದಲೇ ಹೊರಗೆ.

ಹೆಚ್ಚಿನವರಿಗೆ ಮೊದಲ ಸುತ್ತಿನಲ್ಲಿ ಎರಡನೆಯದು ಸರಿ. ಒಂದೇ ಅಪಾಯ: ಮುಂದಿನ ಸುತ್ತಿನಲ್ಲಿ ಮೇಲಿನ ಆಪ್ಷನ್ ಸಿಕ್ಕರೆ ಈಗಿನ ಸೀಟು ತಾನಾಗಿ ಹೋಗುತ್ತದೆ, ತಿರುಗಿ ಬೇಕೆಂದರೂ ಬರುವುದಿಲ್ಲ. ಆದ್ದರಿಂದ ಛಾಯ್ಸ್ 2 ಒತ್ತುವ ಮುನ್ನ ಈಗಿನದಕ್ಕಿಂತ ನಿಜವಾಗಿ ಉತ್ತಮವಲ್ಲದ ಆಪ್ಷನ್ ಮೇಲೆ ಉಳಿದಿದೆಯೇ ನೋಡಿ, ಇದ್ದರೆ ಅವಕಾಶ ಕೊಟ್ಟಾಗ ತೆಗೆದುಹಾಕಿ. ಛಾಯ್ಸ್ 3 ಧೈರ್ಯವಂತರಿಗೆ. ಮೆಡಿಕಲ್ ಸೀಟು, ಎನ್‌ಐಟಿ ಸೀಟು ಸಿಕ್ಕವರು ಬಿಟ್ಟುಹೋಗುವುದರಿಂದ ಎರಡನೇ ಸುತ್ತಿನಲ್ಲಿ ಸೀಟು ತೆರವಾಗುವುದು ನಿಜ, ಆದರೆ ನಿಮ್ಮ ಕಾಲಮಿನಲ್ಲೇ ತೆರವಾಗುತ್ತದೆ ಎಂಬ ಭರವಸೆಯಿಲ್ಲ. ಯಾವ ಛಾಯ್ಸಿಗೆ ಎಷ್ಟು ದುಡ್ಡು, ಯಾವಾಗ ಕಟ್ಟಬೇಕು ಎನ್ನುವುದು ಸುತ್ತಿನಿಂದ ಸುತ್ತಿಗೆ ಬದಲಾಗುತ್ತದೆ. ಆ ದಿನದ ಪ್ರಕಟಣೆಯನ್ನು ಕೆಇಎ ಜಾಲತಾಣದಲ್ಲೇ ಓದಿ, ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದದ್ದನ್ನು ನೆಚ್ಚಬೇಡಿ. ಏನನ್ನೂ ಒತ್ತದೆ ದಿನಾಂಕ ಮೀರಿದರೆ ಸೀಟು ಹೋಯಿತು.

ದುಡ್ಡಿನ ಮಾತು

ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಎಸ್‌ಎನ್‌ಕ್ಯೂ ಎಂಬ ಹೆಚ್ಚುವರಿ ಸೀಟುಗಳಿವೆ, ಪ್ರತಿ ಬ್ರಾಂಚಿಗೆ ಶೇ 5ರಷ್ಟು. ಇವುಗಳಿಗೆ ಬೋಧನಾ ಶುಲ್ಕ ಪೂರ್ತಿ ಮಾಫಿ, ಇತರ ಶುಲ್ಕ ಮಾತ್ರ ಕಟ್ಟಬೇಕು. ಅಡಿಕೆ ತೋಟವಿಲ್ಲದ, ಮಳೆ ನಂಬಿದ ಮನೆಗಳಿಗೆ ಇದು ದೊಡ್ಡ ಆಸರೆ. ಅರ್ಜಿಯಲ್ಲೇ ಕೇಳಿರಬೇಕು, ಆಪ್ಷನ್ನಿನಲ್ಲೂ ಬರೆದಿರಬೇಕು.

ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್. ಹಣ ಬರುವುದು ಆಧಾರ್ ಜೋಡಿಸಿದ ವಿದ್ಯಾರ್ಥಿಯ ಖಾತೆಗೆ. ಬ್ಯಾಂಕಿನಲ್ಲಿ 'ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ' ಎಂದೇ ಕೇಳಿ, ಬರೀ 'ಆಧಾರ್ ಲಿಂಕ್' ಎಂದರೆ ಹೌದು ಎಂದು ಕಳಿಸಿಬಿಡುತ್ತಾರೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ಊಟ, ವಸತಿಗೆ ನೆರವು ಕೊಡುವ ವಿದ್ಯಾಸಿರಿ ಯೋಜನೆ ಇದೆ. ಅಲ್ಪಸಂಖ್ಯಾತರ ನಿಗಮದ ಅರಿವು ಸಾಲವಿದೆ. ಬ್ಯಾಂಕಿನ ಶಿಕ್ಷಣ ಸಾಲ 4 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ. ಕೇಳಿದರೆ ಲಿಖಿತವಾಗಿ ಕೊಡಿ ಎನ್ನಿ, ಆಮೇಲೆ ಮಾತು ಬದಲಾಗುತ್ತದೆ. ಸರ್ಕಾರಿ ಹಾಸ್ಟೆಲಿಗೆ ಅರ್ಜಿ ಬೇರೆ ಪೋರ್ಟಲಿನಲ್ಲಿ. ಸೀಟು ಸಿಕ್ಕ ವಾರದಲ್ಲೇ ಹಾಕಿ.

ಕಾಲೇಜಿಗೆ ಹಾಜರಾಗುವ ದಿನ

ಶುಲ್ಕ ಕಟ್ಟಿದ ಮೇಲೆ ಪ್ರವೇಶ ಆದೇಶ ಇಳಿಸಿಕೊಂಡು, ಅದರಲ್ಲಿ ಬರೆದ ದಿನದೊಳಗೆ ಕಾಲೇಜಿಗೆ ಹೋಗಬೇಕು. ದುಡ್ಡು ಕಟ್ಟಿದ್ದೇನೆ, ಮುಂದಿನ ವಾರ ಹೋದರಾಯಿತು ಎನ್ನಬೇಡಿ. ಹಾಜರಾಗದಿದ್ದರೆ ಸೀಟು ರದ್ದು. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ವರ್ಗಾವಣೆ ಪತ್ರ, ವ್ಯಾಸಂಗ ಪ್ರಮಾಣಪತ್ರ, ಜಾತಿ ಆದಾಯ, ಗ್ರಾಮೀಣ, ಕನ್ನಡ ಮಾಧ್ಯಮ ಎಲ್ಲದರ ಮೂಲ ಪ್ರತಿ ಬೇಕು. ಸಿಬಿಎಸ್‌ಇಯಿಂದ ಬಂದವರಿಗೆ ಮೈಗ್ರೇಷನ್ ಪತ್ರವೂ ಸೇರುತ್ತದೆ. ಮೂಲ ಪ್ರತಿಗಳು ಕಾಲೇಜಿನಲ್ಲೇ ಉಳಿಯಬಹುದು. ಆದ್ದರಿಂದ ಹೊರಡುವ ಹಿಂದಿನ ದಿನ ಆರು ಸೆಟ್ ಜೆರಾಕ್ಸ್ ಮಾಡಿಸಿ, ಎಲ್ಲವನ್ನೂ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಕೊಟ್ಟ ಪ್ರತಿಯೊಂದು ಕಾಗದಕ್ಕೂ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಆದೇಶದಲ್ಲಿ ಇಲ್ಲದ ಯಾವುದೇ ಶುಲ್ಕ ಕೌಂಟರಿನಲ್ಲಿ ಕೇಳಿದರೆ, 'ರಸೀದಿ ಕೊಡಿ ಸಾರ್, ಕಟ್ಟುತ್ತೇನೆ' ಎಂದು ನಗುತ್ತಲೇ ಹೇಳಿ.

ಜಗಳೂರಿನ ಹುಡುಗನಿಗೆ ಎರಡನೇ ಸುತ್ತಿನಲ್ಲಿ ಸಾಮಾನ್ಯ ವರ್ಗದಲ್ಲೇ ಒಂದು ಸಿವಿಲ್ ಸೀಟು ಸಿಕ್ಕಿತು. ಸೇರಿದ. ಅವನ ತಂಗಿ ಈಗ ಪಿಯುಸಿಯಲ್ಲಿದ್ದಾಳೆ. ಮೊನ್ನೆ ಅಪ್ಪ ಫೋನ್ ಮಾಡಿ, "ಸಾರ್, ಮಗಳದ್ದು ಜಾತಿ ಆದಾಯ ಹೊಸದು ಮಾಡಿಸೀನಿ, ಊರ ಸಾಲಿ ಮೇಷ್ಟ್ರ ಸಹಿನೂ ಆತು. ಇನ್ನೇನಾದ್ರೂ ಐತೇನ್ರಿ?" ಎಂದರು. ಆಧಾರಿನ ಇನಿಷಿಯಲ್ ನೋಡಿ ಎಂದೆ.